ಗಾಳಿ ಸಿಕ್ಕರೆ ಸಾಲದು, ಪಹಣಿಯೂ ಬೇಕು

ಹುಬ್ಬಳ್ಳಿಯಿಂದ ಗದಗಕ್ಕೋ, ಬೆಂಗಳೂರಿನಿಂದ ಚಿತ್ರದುರ್ಗಕ್ಕೋ ಹೋಗುವಾಗ ಬಸ್ಸಿನ ಕಿಟಕಿಯಿಂದ ದೂರದ ಫ್ಯಾನ್‌ಗಳನ್ನು ನೀವೂ ಎಣಿಸಿರುತ್ತೀರಿ. ಎಣಿಸುತ್ತ ಎಣಿಸುತ್ತ ಲೆಕ್ಕ ತಪ್ಪಿರುತ್ತದೆ. ಪಕ್ಕದಲ್ಲಿ ಕೂತವರು ‘ಒಂದು ಫ್ಯಾನಿಗೆ ಎಷ್ಟು ಕೋಟಿ ಗೊತ್ತಾ?’ ಎಂದು ಕೇಳಿರುತ್ತಾರೆ. ‘ಒಂದು ಸುತ್ತು ತಿರುಗಿದರೆ ಇಷ್ಟು ಮನೆಗೆ ಕರೆಂಟು’ ಎಂದು ಹಿಂದಿನ ಸೀಟಿನವರು ತಮ್ಮದೇ ಗಣಿತ ಹೇಳಿರುತ್ತಾರೆ. ಆ ಫ್ಯಾನನ್ನು ಪಕ್ಕದ ಹೊಲ ಬಿಟ್ಟು ಅದೇ ಹೊಲದಲ್ಲಿ ನಿಲ್ಲಿಸಬೇಕು ಎಂದು ಯಾರು ತೀರ್ಮಾನಿಸಿದರು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಆ ತೀರ್ಮಾನಕ್ಕೆ ಬೇಕಾದ ಕೆಲಸ ಮಾಡುವ ಒಂದು ತಂಡದಲ್ಲಿ ನಾನಿದ್ದೇನೆ. ಆಫರ್ ಲೆಟರ್‌ನಲ್ಲಿ ನನ್ನ ಹುದ್ದೆ ‘ಎಕ್ಸಿಕ್ಯೂಟಿವ್, ಪ್ರಾಜೆಕ್ಟ್ ಡೆವಲಪ್‌ಮೆಂಟ್’. ಹಳ್ಳಿಗಳಲ್ಲಿ ನಾನು ‘ಫ್ಯಾನಿನಾಕಿ’. ಅವ್ವ ಮಾತ್ರ ನೆಂಟರ ಮುಂದೆ ‘ಕರೆಂಟ್ ಕಂಪನಿಯೊಳಗ ಅದಾಳ’ ಅನ್ನುತ್ತಾಳೆ. ಅವರು ಹೆಸ್ಕಾಂ ಎಂದು ತಿಳಿದುಕೊಂಡರೆ ತಿದ್ದಲು ಹೋಗುವುದಿಲ್ಲ.

ಗದಗ ಜಿಲ್ಲೆಯ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿ.ಎ., ಆಮೇಲೆ ಧಾರವಾಡದಲ್ಲಿ ಭೂಗೋಳಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಎಲ್ಲರಂತೆ ನಾನೂ ಸಪ್ತಾಪುರದ ಒಂದು ರೂಮಿನಲ್ಲಿ ಎರಡು ವರ್ಷ ಪಿಡಿಒ, ಎಫ್‌ಡಿಎ ಎಂದು ಓದಿದವಳು. ಪರೀಕ್ಷೆ ಮುಂದಕ್ಕೆ ಹೋಗುತ್ತಲೇ ಇದ್ದಾಗ ಹೊತ್ತು ಕಳೆಯಲೆಂದು ಕ್ಯೂಜಿಐಎಸ್ ಎಂಬ ಉಚಿತ ಮ್ಯಾಪಿಂಗ್ ಸಾಫ್ಟ್‌ವೇರ್ ಕಲಿತೆ. ಈ ಕೆಲಸ ಸಿಕ್ಕಿದ್ದು ಅದರಿಂದ. ಮೂರು ವರ್ಷವಾಯಿತು. ಇಂಥದೊಂದು ಉದ್ಯೋಗವಿದೆ ಎಂದು ಕಾಲೇಜಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಂಬ

ಫ್ಯಾನ್ ಬರುವುದಕ್ಕೆ ಎರಡು-ಮೂರು ವರ್ಷ ಮೊದಲೇ ಆ ಊರಿಗೆ ಒಂದು ಸಪೂರ ಕಂಬ ಬಂದಿರುತ್ತದೆ. ನೂರು, ನೂರಿಪ್ಪತ್ತು ಮೀಟರ್ ಎತ್ತರ, ನಾಲ್ಕೂ ಕಡೆ ಬಿಗಿದ ತಂತಿ, ಮೈಮೇಲೆ ಕೆಂಪು-ಬಿಳಿ ಪಟ್ಟೆ. ಮೊಬೈಲ್ ಟವರ್ ಎಂದುಕೊಂಡು ‘ಯಾವ ನೆಟ್‌ವರ್ಕ್ ರೀ ಇದು?’ ಎಂದು ಕೇಳುವವರೇ ಹೆಚ್ಚು. ನಾವು ಅದನ್ನು ‘ಮಾಸ್ಟ್’ ಅನ್ನುತ್ತೇವೆ. ಬೇರೆ ಬೇರೆ ಎತ್ತರದಲ್ಲಿ ಪುಟ್ಟ ಬಟ್ಟಲುಗಳಂಥ ಅನಿಮೋಮೀಟರ್‌ಗಳು ಗಾಳಿಯ ವೇಗ ಅಳೆಯುತ್ತವೆ, ಬಾಣದಂಥದೊಂದು ದಿಕ್ಕು ತೋರಿಸುತ್ತದೆ. ಬುಡದಲ್ಲಿರುವ ಪೆಟ್ಟಿಗೆ ಹತ್ತು ನಿಮಿಷಕ್ಕೊಂದು ಸರಾಸರಿ ಬರೆದಿಟ್ಟು ಸಿಮ್ ಕಾರ್ಡಿನ ಮೂಲಕ ಕಚೇರಿಗೆ ಕಳಿಸುತ್ತದೆ. ಆ ಸಿಮ್ಮಿಗೆ ರೀಚಾರ್ಜ್ ಮಾಡಿಸುವುದೂ ಒಂದು ಕೆಲಸವೇ. ಮಾಸ್ಟಿನ ತಂತಿ ಬಿಗಿಯಾಗಿದೆಯೇ, ಸಿಡಿಲಿಗೆ ಸೆನ್ಸರ್ ಸುಟ್ಟಿದೆಯೇ, ಸೋಲಾರ್ ಪ್ಯಾನೆಲ್ಲನ್ನು ಯಾರಾದರೂ ಬಿಚ್ಚಿಕೊಂಡು ಹೋಗಿದ್ದಾರೆಯೇ ಎಂದು ನೋಡಿಕೊಳ್ಳಲು ಅದೇ ಊರಿನವರೊಬ್ಬರು ಕಾವಲಿಗಿರುತ್ತಾರೆ.

ಕಡಿಮೆಯೆಂದರೆ ಒಂದು ವರ್ಷ ಹೀಗೆ ಅಳೆಯಬೇಕು, ಯಾಕೆಂದರೆ ನಮ್ಮ ಗಾಳಿಗೆ ಋತುಗಳಿವೆ. ಮೇ ತಿಂಗಳ ಕೊನೆಗೆ ಪಡುವಣ ಗಾಳಿ ಶುರುವಾದರೆ ಆಷಾಢ, ಶ್ರಾವಣದಲ್ಲಿ ಛತ್ರಿ ಹಿಡಿಯಲಾಗದಷ್ಟು ಬೀಸುತ್ತದೆ. ವರ್ಷದ ಉತ್ಪಾದನೆಯ ದೊಡ್ಡ ಪಾಲು ಆ ನಾಲ್ಕು ತಿಂಗಳಿನದೇ. ದಸರೆ ಕಳೆದ ಮೇಲೆ ಬಂದು ನೋಡಿದವರು ‘ಇಲ್ಲೆಲ್ಲಿದೆ ಗಾಳಿ?’ ಎಂದು ಹಿಂದಿರುಗಬೇಕಾದೀತು.

ಅಳತೆಯಲ್ಲಿ ಇಷ್ಟು ಜಿಪುಣತನ ಯಾಕೆ ಎಂಬುದಕ್ಕೆ ಪಿಯುಸಿ ಫಿಸಿಕ್ಸ್ ಸಾಕು. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಸೆಕೆಂಡಿಗೆ 6 ಮೀಟರ್ ಇದ್ದದ್ದು 7 ಮೀಟರ್ ಆದರೆ, ಆರರ ಘನ 216, ಏಳರ ಘನ 343. ಒಂದೇ ಮೀಟರಿಗೆ ಹೆಚ್ಚೂಕಡಿಮೆ ಶೇ 60ರಷ್ಟು ಜಾಸ್ತಿ ಶಕ್ತಿ! ಹಾಗೆಂದು ಇರುವುದನ್ನೆಲ್ಲ ಬಾಚಿಕೊಳ್ಳಲು ಆಗದು. ಎಂಥ ಫ್ಯಾನಾದರೂ ಗಾಳಿಯ ಶಕ್ತಿಯಲ್ಲಿ ಶೇ 59.3ಕ್ಕಿಂತ ಹೆಚ್ಚು ಹಿಡಿಯಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷದ ಹಿಂದೆಯೇ ಲೆಕ್ಕ ಹಾಕಿಟ್ಟಿದ್ದಾರೆ.

ಈ ಅಂಕಿಗಳನ್ನು ಓದುವವರೇ ಬೇರೆ. ನಮ್ಮ ತಂಡದಲ್ಲಿ ಆ ಕೆಲಸ ಮಾಡುವ ಸೀನಿಯರ್ ತಮಿಳುನಾಡಿನವರು, ಎಂ.ಎಸ್ಸಿ. ಫಿಸಿಕ್ಸ್. ಒಂದು ವರ್ಷದ ಮಾಸ್ಟ್ ಲೆಕ್ಕವನ್ನು ಉಪಗ್ರಹ ಮತ್ತು ಹವಾಮಾನ ಮಾದರಿಗಳ ಇಪ್ಪತ್ತು-ಮೂವತ್ತು ವರ್ಷದ ದತ್ತಾಂಶದ ಜತೆ ತೂಗಿ ನೋಡಿ, ‘ಈ ವರ್ಷ ಬೀಸಿದ್ದು ಮಾಮೂಲಿ ಗಾಳಿಯೋ, ಹಬ್ಬದ ಗಾಳಿಯೋ’ ಎಂದು ಹೇಳುವುದು ಅವರ ಕಸುಬು. ಕೊನೆಗೆ ಎರಡು ಸಂಖ್ಯೆ ಕೊಡುತ್ತಾರೆ: ಪಿ50, ಪಿ90. ಮೊದಲನೆಯದು ಮುಟ್ಟಲೂಬಹುದು ಬಿಡಲೂಬಹುದು ಎನ್ನುವ ಮಧ್ಯದ ಅಂದಾಜು. ಎರಡನೆಯದು ನೂರಕ್ಕೆ ತೊಂಬತ್ತು ಪಾಲು ದಾಟಿಯೇ ದಾಟುತ್ತದೆ ಎನ್ನುವಂಥದ್ದು. ಮಾಲೀಕರಿಗೆ ಮೊದಲನೆಯದು ಇಷ್ಟ, ಸಾಲ ಕೊಡುವ ಬ್ಯಾಂಕಿಗೆ ಎರಡನೆಯದು. ಇಬ್ಬರ ನಡುವೆ ಕೂತು ಸಂಖ್ಯೆಯನ್ನು ಹಿಗ್ಗಿಸದೆ ಇರುವುದೇ ತನ್ನ ಸಂಬಳಕ್ಕೆ ಕಾರಣ ಎಂದು ನಮ್ಮ ಸರ್ ನಗುತ್ತಾರೆ.

ಮೊದಲ ಸಲ ಮಾಸ್ಟ್ ನಿಲ್ಲಿಸಲು ಜಾಗ ಹುಡುಕುತ್ತ ಹೋದಾಗ ಒಬ್ಬ ಅಜ್ಜ ತನ್ನ ಹಳೆಯ ಕಣ ತೋರಿಸಿ, ‘ಇಲ್ಲಿ ಹಾಕ್ರಿ, ಗಾಳಿ ಬಂದಾಗ ತೂರಿಕೋ ಅಂತ ಸುಮ್ಮ ಹೇಳ್ಯಾರೇನು?’ ಎಂದಿದ್ದ. ಜೋಳ ತೂರಲು ಗಾಳಿ ಹರಿಯುವ ಜಾಗ ನೋಡಿಯೇ ಕಣ ಮಾಡುತ್ತಿದ್ದರಲ್ಲ, ಮಾತು ಸರಿಯೇ. ಆದರೆ ಹಿಂಗಾರಿ ಸುಗ್ಗಿಯಲ್ಲಿ ತೂರುವುದು ಮೂಡಗಾಳಿಗೆ, ನಮಗೆ ಬೇಕಾದದ್ದು ಮುಂಗಾರಿನ ಪಡುವಣ ಗಾಳಿ. ಅಜ್ಜನಿಗೆ ಅದನ್ನು ಹೇಳಿದಾಗ ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಾದ್ರ ಆ ದಿಬ್ಬದ ಮ್ಯಾಲೆ ಹೋಗ್ರಿ’ ಎಂದ. ಮಾಸ್ಟ್ ಈಗ ಆ ದಿಬ್ಬದ ಮೇಲೆಯೇ ಇದೆ.

ಗುಡ್ಡ ಇಳಿದ ಫ್ಯಾನ್‌ಗಳು

ಎರಡು ದಶಕದ ಹಿಂದೆ ನಮ್ಮ ಕಡೆ ಫ್ಯಾನ್ ಅಂದರೆ ಕಪ್ಪತಗುಡ್ಡ, ಚಿತ್ರದುರ್ಗದ ಕಡೆಯವರಿಗೆ ಜೋಗಿಮಟ್ಟಿ. ಆಗಿನ ಯಂತ್ರಗಳು ಚಿಕ್ಕವು, ಕಂಬ ಗಿಡ್ಡ. ಗಾಳಿ ಹಿಡಿಯಲು ಗುಡ್ಡದ ನೆತ್ತಿ ಹತ್ತಲೇಬೇಕಿತ್ತು. ಈಗಿನ ಯಂತ್ರದ ಕಂಬವೇ 120-140 ಮೀಟರ್, ಒಂದೊಂದು ರೆಕ್ಕೆ 70 ಮೀಟರಿನ ಆಸುಪಾಸು. ಅಷ್ಟು ಎತ್ತರಕ್ಕೆ ಹೋದರೆ ಬಯಲಿನಲ್ಲೂ ಒಳ್ಳೆಯ ಗಾಳಿಯಿದೆ. ಚೆನ್ನೈನಲ್ಲಿರುವ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಅಂದಾಜಿನಲ್ಲಿ 120 ಮೀಟರ್ ಎತ್ತರದಲ್ಲಿ ಕರ್ನಾಟಕದ ಸಾಮರ್ಥ್ಯ ಸುಮಾರು 124 ಗಿಗಾವಾಟ್, 150 ಮೀಟರಿಗೆ ಹೋದರೆ 169. ಇಡೀ ದೇಶದಲ್ಲಿ ಇದುವರೆಗೆ ನಿಂತ ಫ್ಯಾನ್‌ಗಳ ಸಾಮರ್ಥ್ಯ 50 ಗಿಗಾವಾಟ್ ದಾಟಿದ್ದು 2025ರ ಮಾರ್ಚ್ ಹೊತ್ತಿಗೆ. ಅಂದರೆ ಇನ್ನೂ ಎಷ್ಟು ಬರಬಹುದು, ನೀವೇ ಅಂದಾಜು ಮಾಡಿ.

ಅತ್ತ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ ಇರುವ ಗುಡ್ಡ, ಆಗಬೇಕಾದ್ದೇ. ಹೀಗೆ ಎತ್ತರದ ಕಂಬ ಮತ್ತು ಕಾಡಿನ ಕಾನೂನು ಎರಡೂ ಸೇರಿ ಫ್ಯಾನ್‌ಗಳನ್ನು ಗುಡ್ಡದಿಂದ ಇಳಿಸಿ ಎರೆಹೊಲಕ್ಕೆ ತಂದವು. ಗುಡ್ಡದ ಮೇಲಿದ್ದಾಗ ಮಾತನಾಡಬೇಕಾದದ್ದು ಬಹುತೇಕ ಅರಣ್ಯ ಇಲಾಖೆಯ ಜತೆ. ಈಗ ಒಂದೊಂದು ಫ್ಯಾನಿಗೂ ಒಂದೊಂದು ಮನೆಯ ಜಗಲಿಯಲ್ಲಿ ಕೂರಬೇಕು. ನನ್ನಂಥವರ ಕೆಲಸ ಹುಟ್ಟಿದ್ದು ಹೀಗೆ.

ಜಗಲಿಗೆ ಹೋಗುವ ಮೊದಲು ನಕ್ಷೆ ಸಿದ್ಧವಾಗಬೇಕು. ಕಂಪ್ಯೂಟರಿನಲ್ಲಿ ಗಾಳಿಯ ನಕ್ಷೆ ಹಾಸಿ, ಅದರ ಮೇಲೆ ಒಂದೊಂದೇ ‘ಬೇಡ’ಗಳನ್ನು ಹೊದಿಸುತ್ತ ಹೋಗುತ್ತೇನೆ. ಕೇಂದ್ರದ ಮಾರ್ಗಸೂಚಿಯಂತೆ ಜನವಸತಿಯಿಂದ 500 ಮೀಟರ್ ಒಳಗೆ ಫ್ಯಾನ್ ಬರಕೂಡದು, ಸದ್ದಿನ ಕಾರಣಕ್ಕೆ. ಹೆದ್ದಾರಿ, ವಿದ್ಯುತ್ ಲೈನಿನಿಂದ ಕಂಬದ ಎತ್ತರ, ರೆಕ್ಕೆಗಳ ವೃತ್ತದ ಅರ್ಧ ಮತ್ತು ಇನ್ನೂ 5 ಮೀಟರ್ ಸೇರಿಸಿದಷ್ಟು ದೂರವಿರಬೇಕು. ಅಕಸ್ಮಾತ್ ಬಿದ್ದರೂ ರಸ್ತೆಗೆ ತಾಗಬಾರದಲ್ಲ. ಕೆರೆ, ಹಳ್ಳ, ಅರಣ್ಯ, ಗಾಂವಠಾಣ ಬಿಡಬೇಕು, ವಿಮಾನ ಹಾರಾಟದವರ ಒಪ್ಪಿಗೆ ಬೇಕು. ಒಂದರ ಹಿಂದೆ ಒಂದು ತೀರಾ ಹತ್ತಿರ ನಿಲ್ಲಿಸಿದರೆ ಮುಂದಿನ ಫ್ಯಾನ್ ಕಲಕಿ ಬಿಟ್ಟ ಗಾಳಿ ಹಿಂದಿನದಕ್ಕೆ. ನಮ್ಮ ಸರ್ ಅದನ್ನು ‘ಎಂಜಲು ಗಾಳಿ’ ಎನ್ನಲು ನನ್ನಿಂದ ಕಲಿತಿದ್ದಾರೆ. ಎಲ್ಲ ಹೊದಿಸಿದ ಮೇಲೆ ಉಳಿಯುವುದು ಅಲ್ಲಲ್ಲಿ ತೇಪೆಗಳಂಥ ಜಾಗ.

ಆ ತೇಪೆಗಳನ್ನು ಕಾಲಲ್ಲಿ ನಡೆದು ನೋಡಬೇಕು. ಉಪಗ್ರಹದ ಚಿತ್ರದಲ್ಲಿ ಪೊದೆಯಂತೆ ಕಂಡದ್ದು ಹತ್ತಿರ ಹೋದರೆ ದುರ್ಗಮ್ಮನ ಕಟ್ಟೆಯಾಗಿರುತ್ತದೆ. ಖಾಲಿ ಬೀಳು ಎಂದುಕೊಂಡದ್ದು ವರ್ಷಕ್ಕೆ ಎರಡು ಸಲ ಕುರಿ ಹಿಂಡು ತಂಗುವ ಜಾಗವಾಗಿರುತ್ತದೆ. ಕುರಿಗಾರರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಊರವರನ್ನು ಕೇಳಿಯೇ ತಿಳಿಯಬೇಕು, ಕೇಳುವವರು ನಕ್ಷೆಯಲ್ಲಿ ಬರೆದುಕೊಳ್ಳಲೂ ಬೇಕು. ನಾನು ಬರೆದುಕೊಳ್ಳುತ್ತೇನೆ. ಮೇಲಿನವರು ಎಲ್ಲ ಸಲವೂ ಒಪ್ಪುತ್ತಾರೆ ಎಂದೇನಿಲ್ಲ.

ಇನ್ನೊಂದು ವಿಷಯ ನನಗೆ ಕೆಲಸಕ್ಕೆ ಸೇರಿದ ಮೇಲೆಯೇ ಅರ್ಥವಾದದ್ದು. ನಾನು ಸ್ಕ್ರೀನಿನ ಮೇಲೆ ಒಂದು ಚುಕ್ಕಿಯನ್ನು ನೂರು ಮೀಟರ್ ಪೂರ್ವಕ್ಕೆ ಸರಿಸಿದರೆ ಗಾಳಿಯ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವೇನೂ ಆಗದಿರಬಹುದು. ಆದರೆ ಚುಕ್ಕಿ ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಹೋಗಿರುತ್ತದೆ. ಫ್ಯಾನ್ ಬಿದ್ದ ಹೊಲದವರಿಗೆ ವರ್ಷಾ ವರ್ಷಾ ಹಣ. ಪಕ್ಕದವರ ಹೊಲದಲ್ಲಿ ಬರೀ ರಸ್ತೆಯೋ ಲೈನಿನ ಕಂಬವೋ ಹಾದುಹೋಗುತ್ತದೆ, ಅದಕ್ಕೆ ಒಂದು ಸಲದ ದುಡ್ಡು. ಅವರಾಚೆಯವರಿಗೆ ರೆಕ್ಕೆಯ ಸದ್ದು, ಸಂಜೆಯ ಓಡುವ ನೆರಳು ಅಷ್ಟೇ. ಒಂದೇ ಬದುವಿನಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಿದ್ದವರು ಮಾತು ಬಿಟ್ಟದ್ದನ್ನು ನೋಡಿದ್ದೇನೆ. ಇನ್ನು ಆ ಹೊಲಗಳಲ್ಲಿ ಕೂಲಿ ಮಾಡುವವರ ಹೆಸರಿಗೆ ನಮ್ಮ ಎಕ್ಸೆಲ್ ಶೀಟಿನಲ್ಲಿ ಕಾಲಮ್ಮೇ ಇಲ್ಲ.

ಜಗಲಿಯೇ ಅಹವಾಲು ಸಭೆ

ಕಾರ್ಖಾನೆಯೋ ಗಣಿಯೋ ಬರುವುದಿದ್ದರೆ ಜಿಲ್ಲಾಡಳಿತ ಊರಲ್ಲಿ ಪೆಂಡಾಲ್ ಹಾಕಿಸಿ ಸಾರ್ವಜನಿಕ ಅಹವಾಲು ಕೇಳುವುದನ್ನು ಪೇಪರಿನಲ್ಲಿ ಓದಿರುತ್ತೀರಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲ. ಹೊಗೆಯಿಲ್ಲ, ಬೂದಿಯಿಲ್ಲ ಎಂಬ ಕಾರಣಕ್ಕೆ ವಿನಾಯಿತಿ. ಆದ್ದರಿಂದ ಅಂಥ ಸಭೆ ಕಡ್ಡಾಯವಲ್ಲ. ವಿದೇಶಿ ಸಾಲ ಪಡೆಯುವ ಕಂಪನಿಗಳು ಬ್ಯಾಂಕಿನ ಷರತ್ತಿಗಾಗಿ ಸ್ವತಃ ಅಧ್ಯಯನ ಮಾಡಿಸುವುದುಂಟು, ಎಂ.ಎಸ್.ಡಬ್ಲ್ಯೂ. ಮತ್ತು ಪರಿಸರ ವಿಜ್ಞಾನ ಓದಿದವರಿಗೆ ಅಲ್ಲಿ ಕೆಲಸವೂ ಇದೆ. ಆದರೆ ಹೆಚ್ಚಿನ ಊರುಗಳಲ್ಲಿ ಅಹವಾಲು ಎಂದರೆ ಜಗಲಿ. ಕೇಳಿಸಿಕೊಳ್ಳುವವರು ನನ್ನಂಥ ಇಪ್ಪತ್ತಾರು ವರ್ಷದವರು. ಕೇಳಿಸಿಕೊಂಡದ್ದನ್ನು ಮೇಲಕ್ಕೆ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಭಾರ ಯಾವ ಟ್ರೇನಿಂಗಿನಲ್ಲೂ ಹೇಳಿಕೊಡಲಿಲ್ಲ.

ಎಲ್ಲ ಊರಲ್ಲೂ ಬರುವ ಮೊದಲ ಪ್ರಶ್ನೆ ದುಡ್ಡಿನದಲ್ಲ, ಮಳೆಯದು. ‘ತಂಗಿ, ನೀನೂ ನಮ್ಮ ಕಡಿಯಾಕಿನ ಅದಿ. ಖರೇ ಹೇಳು. ಈ ಫ್ಯಾನ್ ಮಾಡ ಓಡಸ್ತಾವಂತಲ್ಲ?’ ಮೊದಮೊದಲು ನಮ್ಮವರೊಬ್ಬರು ಇದಕ್ಕೆ ನಕ್ಕುಬಿಡುತ್ತಿದ್ದರು. ನಕ್ಕರೆ ಮುಗಿಯಿತು, ಆ ಊರಲ್ಲಿ ಮತ್ತೆ ಚಹಾ ಹುಟ್ಟುವುದಿಲ್ಲ. ನಾನು ಹೇಳುವುದು ಇಷ್ಟು: ರೆಕ್ಕೆಯ ತುದಿ ನೆಲದಿಂದ ಇನ್ನೂರು ಮೀಟರ್ ಎತ್ತರಕ್ಕೆ ಹೋಗಬಹುದು. ಮಳೆ ತರುವ ಗಾಳಿ ಅರಬ್ಬಿ ಸಮುದ್ರದಿಂದ ಬರುವಾಗ ಕಿಲೋಮೀಟರುಗಟ್ಟಲೆ ದಪ್ಪ ಇರುತ್ತದೆ. ನಮ್ಮದು ಪಶ್ಚಿಮ ಘಟ್ಟದ ಮಳೆನೆರಳಿನ ಸೀಮೆ, ಫ್ಯಾನ್ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಅಜ್ಜಂದಿರು ಗುಳೆ ಹೋದದ್ದನ್ನು ನೀವೇ ಹೇಳುತ್ತೀರಿ. ಕೆಲವರು ಒಪ್ಪುತ್ತಾರೆ, ಕೆಲವರು ‘ಸಾಲಿ ಕಲತಾಕಿ, ಹೇಳ್ತಿ’ ಎಂದು ಸುಮ್ಮನಾಗುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂಬುದಾದರೂ ಇರುತ್ತದೆ.

ಆಮೇಲೆ ಕಾಗದ. ನಮ್ಮ ಕಡೆ ಪಹಣಿಗೆ ಉತಾರ ಅನ್ನುತ್ತೇವೆ. ಭೂಮಿ ತಂತ್ರಾಂಶದಲ್ಲಿ ಈಗಿನ ಉತಾರ ಒಂದು ನಿಮಿಷಕ್ಕೆ ಸಿಗುತ್ತದೆ. ಅದರ ಹಿಂದಿನ ನಲವತ್ತು-ಐವತ್ತು ವರ್ಷದ ಕಥೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಕೈಬರಹದ ಉತಾರ, ಮ್ಯುಟೇಶನ್, ವಾಟ್ನಿ ಪತ್ರ, ಋಣಭಾರ ಪತ್ರ, ಸರ್ವೆ ಕಚೇರಿಯ ಟಿಪ್ಪಣಿ, ಆಕಾರಬಂದ್, ಪೋಡಿಯಾಗದ ಹಿಸ್ಸೆಗಳು. ಮಂಜೂರಾದ ಜಮೀನೇ? ಹಾಗಿದ್ದರೆ ಪರಿಶಿಷ್ಟರಿಗೆ ಮಂಜೂರಾದದ್ದೇ? ಹೌದಾದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ, ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಈ ಕಾಗದಗಳನ್ನು ಓದಲು ಐಐಟಿಯವರಿಂದ ಆಗುವುದಿಲ್ಲ, ತಲಾಠಿ ಅಕ್ಷರ ಓದಬಲ್ಲವರು ಬೇಕು. ಬೆಂಗಳೂರಿನ ಕಚೇರಿಯಲ್ಲಿ ಇಂಗ್ಲಿಷಿನ ಮುಂದೆ ತಡವರಿಸುವ ನಾನು ಇಲ್ಲಿ ರಾಣಿ.

ಪಂಚಮಿಗೆ ಬಂದ ಹೆಣ್ಣುಮಕ್ಕಳು

ಕಳೆದ ಬಾರಿಯ ಒಂದು ಪ್ರಸಂಗ ಹೇಳುತ್ತೇನೆ. ಊರು ಬೇಡ. ನಾಲ್ಕೆಕರೆಯ ಒಂದು ಹೊಲದಲ್ಲಿ ಫ್ಯಾನಿನ ಜಾಗ ಗೊತ್ತಾಗಿತ್ತು. ಉತಾರದಲ್ಲಿ ಹಿರಿಯ ಮಗನ ಹೆಸರೊಂದೇ. ಅಪ್ಪ ತೀರಿಕೊಂಡು ವರ್ಷಗಳಾಗಿವೆ. ವಕೀಲರು ವಂಶವೃಕ್ಷ ತರಿಸಿ ನೋಡಿದರೆ ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಗೊಳಿಸಿದೆ. ಹಾಗಾಗಿ ಮೂವರ ಸಹಿಯೂ ಬೇಕೆಂದು ವಕೀಲರು ವರದಿ ಬರೆದರು. ನಮ್ಮ ಮ್ಯಾನೇಜರ್ ಪಂಚಾಂಗ ನೋಡಿ, ‘ನಾಗರಪಂಚಮಿಗೆ ಮೂವರೂ ತವರಿಗೆ ಬರುತ್ತಾರೆ, ಆಗಲೇ ಮುಗಿಸಿಬಿಡಿ’ ಅಂದರು.

ಹೋದಾಗ ಅಂಗಳದಲ್ಲಿ ಜೋಕಾಲಿ ಕಟ್ಟಿತ್ತು, ಒಳಗೆ ಉಂಡಿ ಕಟ್ಟುತ್ತಿದ್ದರು. ಅಣ್ಣ ಕಾಗದ ಇಸಿದುಕೊಂಡು, ‘ಸುಮ್ಮ ಒಂದ್ ಸಹಿ ಮಾಡ್ರಿ, ಕಂಪನಿ ಕಾಗದ’ ಎಂದು ತಂಗಿಯರ ಮುಂದೆ ಹಿಡಿದರು. ನಡುವಿನವಳು ನನ್ನ ಮುಖ ನೋಡಿ, ‘ಏನೈತ್ರಿ ಅಕ್ಕಾರ ಇದರಾಗ?’ ಎಂದು ಕೇಳಿದರು. ಪುಟಗಳೆಲ್ಲ ಇಂಗ್ಲಿಷಿನಲ್ಲಿದ್ದವು.

ಅಡುಗೆಮನೆಯಲ್ಲಿ ಕೂತು ಒಂದೊಂದೇ ಹೇಳಿದೆ. ಹೊಲ ಇಷ್ಟು ವರ್ಷಕ್ಕೆ ಹೋಗುತ್ತದೆ, ವರ್ಷಕ್ಕಿಷ್ಟು ಬರುತ್ತದೆ, ಇಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಕೊನೆಗೆ ಯಂತ್ರ ಬಿಚ್ಚುವ ಹೊಣೆ ಇವರದು. ಈ ಸಹಿಯಿಂದ ನಿಮ್ಮ ಹಕ್ಕು ಬಿಟ್ಟುಕೊಟ್ಟ ಹಾಗಾಗುತ್ತದೆ. ಬಿಟ್ಟುಕೊಡಬಹುದು, ಪಾಲೂ ಕೇಳಬಹುದು, ಎರಡೂ ನಿಮ್ಮ ಇಷ್ಟ. ಹಿರಿಯಾಕೆ ಉಂಡಿ ಕಟ್ಟುವುದನ್ನು ನಿಲ್ಲಿಸಲೇ ಇಲ್ಲ. ‘ನನಗ ರೊಕ್ಕ ಬ್ಯಾಡವಾ. ಆದ್ರ ಕೇಳ್ಬೇಕಿತ್ತು ಅಂವಾ’ ಎಂದರು. ಕಿರಿಯಾಕೆಯ ಗಂಡನಿಗೆ ಕಿಡ್ನಿ ತೊಂದರೆ, ವಾರಕ್ಕೆರಡು ಸಲ ಡಯಾಲಿಸಿಸ್. ಆಕೆ ಬಹಳ ಹೊತ್ತು ಸುಮ್ಮನಿದ್ದು, ‘ನನಗ ಬೇಕ್ರಿ’ ಎಂದರು. ಅಷ್ಟೇ ಮಾತು.

ಆ ದಿನ ಸಹಿ ಆಗಲಿಲ್ಲ. ಮನೆಯಲ್ಲಿ ಹಬ್ಬವೂ ಆಗಲಿಲ್ಲ. ‘ಲಗ್ನದಾಗ ಬಂಗಾರ ಹಾಕಿ ಕಳಿಸೇವಿ’ ಎಂದು ಅಣ್ಣ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಹೇಳಿದರು. ಅವರ ಮಾತೂ ಪೂರ್ತಿ ಸುಳ್ಳಲ್ಲ, ಆ ಲಗ್ನಕ್ಕೆ ಮಾಡಿದ ಸಾಲವನ್ನು ಅದೇ ಹೊಲದ ಮೆಣಸಿನಕಾಯಿಯಿಂದ ತೀರಿಸಿದ್ದರು. ಮ್ಯಾನೇಜರ್ ಫೋನಿನಲ್ಲಿ, ‘ನೀವು ಕಂಪನಿಯ ಪರವೋ, ಆ ಹೆಂಗಸರ ಪರವೋ?’ ಎಂದು ಕೇಳಿದರು. ನಾನು ಹೇಳಿದ್ದು ಕಾಗದದಲ್ಲಿ ಇದ್ದದ್ದನ್ನೇ ಎಂದೆ. ನಾಳೆ ಆಕೆ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರೆ, ಕ್ರೇನ್ ಬಂದು ನಿಂತ ಮೇಲೆ ಅದರ ದಿನದ ಬಾಡಿಗೆ ಯಾರು ಕೊಡುತ್ತಾರೆ ಎಂದೂ ಕೇಳಿದೆ. ಎರಡನೆಯ ಮಾತು ಅವರಿಗೆ ಬೇಗ ಅರ್ಥವಾಯಿತು.

ನಾಲ್ಕು ತಿಂಗಳು ಹಿಡಿಯಿತು. ಹಿರಿಯರಿಬ್ಬರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು, ಕಿರಿಯಾಕೆಗೆ ವರ್ಷದ ಗುತ್ತಿಗೆ ಹಣದಲ್ಲಿ ಒಂದು ಪಾಲು ನೇರವಾಗಿ ಖಾತೆಗೆ ಹೋಗುವಂತೆ ಬರೆಸಲಾಯಿತು. ಈಗ ನಮ್ಮ ತಂಡದಲ್ಲಿ ಒಪ್ಪಂದದ ಕನ್ನಡ ಪ್ರತಿಯನ್ನು ಮೊದಲು ಓದಿ ಹೇಳುವ ಪದ್ಧತಿ ಬಂದಿದೆ. ಆದರೆ ಈ ವರ್ಷ ಪಂಚಮಿಗೆ ಕಿರಿಯ ತಂಗಿಯನ್ನು ಕರೆತರಲು ಅಣ್ಣಂದಿರು ಹೋಗಲಿಲ್ಲವಂತೆ. ಕಾವಲಿನವರು ಹೇಳಿದರು. ತವರಿನ ಜೋಕಾಲಿಗೂ ಡಯಾಲಿಸಿಸ್ ದುಡ್ಡಿಗೂ ಯಾವುದು ಹೆಚ್ಚು ಎಂದು ತೂಗುವ ತಕ್ಕಡಿ ನನ್ನ ಬಳಿ ಇಲ್ಲ. ಇನ್ನೊಂದು ಮನೆಯಲ್ಲಿ ಅದೇ ಪ್ರಶ್ನೆ ಕೇಳಿದರೆ ಅದೇ ಉತ್ತರ ಕೊಡುತ್ತೇನೆ ಎಂಬುದು ಮಾತ್ರ ಗೊತ್ತು.

ಹಾಗಾದರೆ ನಮಗೇನು ಕೆಲಸ?

ಜೂನಿಯರ್‌ಗಳು ಫೋನ್ ಮಾಡಿ ಕೇಳುವುದು ಇದನ್ನೇ. ಫ್ಯಾನ್ ಹತ್ತಬೇಕಾ ಅಕ್ಕಾ? ಇಲ್ಲ. ಹತ್ತುವವರೇ ಬೇರೆ. ಐಟಿಐ, ಡಿಪ್ಲೊಮಾ ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಮಾಡಿದವರು ಫ್ಯಾನ್ ನಿಂತ ಮೇಲೆ ನಿರ್ವಹಣೆಗೆ ಬರುತ್ತಾರೆ. ಅವರಿಗೆ ಎತ್ತರದಲ್ಲಿ ಕೆಲಸ ಮಾಡುವ ಸುರಕ್ಷತಾ ತರಬೇತಿ ಬೇಕು. ಜಿಡಬ್ಲ್ಯೂಒ ಎಂಬ ಪ್ರಮಾಣಪತ್ರ ಇದ್ದರೆ ಹೊರದೇಶದಲ್ಲೂ ಮಾನ್ಯ, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು.

ಫ್ಯಾನ್ ನಿಲ್ಲುವ ಮೊದಲಿನ ಕೆಲಸಕ್ಕೆ ಬರುವವರು ಚಿತ್ರಾನ್ನದ ಹಾಗೆ ಬೆರಕೆ. ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಓದಿದವರು ಪೈಥಾನ್ ಕಲಿತರೆ ಗಾಳಿಯ ಲೆಕ್ಕಕ್ಕೆ ಹೋಗಬಹುದು. ಡೆನ್ಮಾರ್ಕಿನ ವಾಸ್ಪ್ ಎಂಬ ತಂತ್ರಾಂಶದ ಹೆಸರನ್ನು ಇಂಟರ್‌ವ್ಯೂನಲ್ಲಿ ಕೇಳೇ ಕೇಳುತ್ತಾರೆ. ಭೂಗೋಳದವರಿಗೆ ನಕ್ಷೆ, ಎಲ್‌ಎಲ್‌ಬಿಯವರಿಗೆ ಜಮೀನಿನ ಹಕ್ಕು ಪರಿಶೀಲನೆ. ಎಲೆಕ್ಟ್ರಿಕಲ್ ಎಂಜಿನಿಯರುಗಳಿಗೆ ಕೆಪಿಟಿಸಿಎಲ್ ಸಬ್‌ಸ್ಟೇಷನ್ನಿನಲ್ಲಿ ಜಾಗ ಪಡೆಯುವ ಕೆಲಸ. ಗಾಳಿ ಮತ್ತು ಜಮೀನು ಎರಡೂ ಇದ್ದು ಲೈನಿಗೆ ಜಾಗ ಸಿಗದೆ ಕೂತ ಯೋಜನೆಗಳಿಗೆ ಲೆಕ್ಕವಿಲ್ಲ. ರೆಕ್ಕೆ ಹೊತ್ತ ಟ್ರೇಲರ್ ಯಾವ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವ ಊರಿನ ಸ್ವಾಗತ ಕಮಾನು ಅಡ್ಡ ಬರುತ್ತದೆ ಎಂದು ಮೊದಲೇ ದಾರಿ ನೋಡಿ ಬರುವುದಕ್ಕೂ ಜನರಿದ್ದಾರೆ.

ಸಿಹಿಯಷ್ಟೇ ಹೇಳಿದರೆ ನಾನು ಏಜೆಂಟಳಾದೇನು. ಕೆಳಹಂತದಲ್ಲಿ ಬಹಳಷ್ಟು ಕೆಲಸ ಗುತ್ತಿಗೆಯದು, ಸಂಬಳ ಕೊಡುವುದು ಮೂರನೆಯ ಸಂಸ್ಥೆ. ಈ ಮೊದಲು ನಾನಿದ್ದ ಒಂದು ಕಡೆ ಮೂರು ತಿಂಗಳ ಪ್ರವಾಸ ಭತ್ಯೆ ಇಂದಿಗೂ ಬಂದಿಲ್ಲ. ಯೋಜನೆ ಮುಗಿದರೆ ಮುಂದಿನದು ಗುಜರಾತಿನಲ್ಲೋ ಆಂಧ್ರದಲ್ಲೋ ಇರಬಹುದು. 2017ರ ಫೆಬ್ರುವರಿಯಲ್ಲಿ ಮೊದಲ ಬಾರಿಗೆ ಫ್ಯಾನ್ ಕರೆಂಟಿಗೆ ಹರಾಜು ನಡೆದು ಯೂನಿಟ್ಟಿಗೆ ₹3.46ಕ್ಕೆ ನಿಂತಿತು, ಅದೇ ಡಿಸೆಂಬರಿನಲ್ಲಿ ಗುಜರಾತಿನಲ್ಲಿ ₹2.43ಕ್ಕೆ ಇಳಿಯಿತು. ಕರೆಂಟು ಅಗ್ಗವಾದದ್ದು ಒಳ್ಳೆಯದೇ. ಆದರೆ ಮೇಲೆ ಪೈಸೆ ಪೈಸೆ ಕತ್ತರಿಸಿದ್ದು ಕೆಳಗೆ ಬಂದು ತಾಗುವುದು ಎರಡು ಕಡೆ: ರೈತರ ಜತೆಗಿನ ಚೌಕಾಸಿಗೆ ಮತ್ತು ನಮ್ಮಂಥವರ ಗುತ್ತಿಗೆ ಸಂಬಳಕ್ಕೆ. ಹುಡುಗಿಯರಿಗೆ ಇನ್ನೊಂದು ಮಾತು. ಸೈಟಿನಲ್ಲಿ ಶೌಚಾಲಯ ಇರುವುದಿಲ್ಲ, ಮನೆಯವರು ಸಂಜೆ ಐದರಿಂದ ಫೋನ್ ಮಾಡಲು ಶುರು ಮಾಡುತ್ತಾರೆ. ಆದರೂ ಜಗಲಿ ದಾಟಿ ಅಡುಗೆಮನೆಗೆ ಹೋಗಬಲ್ಲವರು ನಾವು ಮಾತ್ರ. ಅಲ್ಲಿ ಸಿಗುವ ಮಾಹಿತಿ ಯಾವ ಡ್ರೋನಿಗೂ ಸಿಗುವುದಿಲ್ಲ.

ಕಲಿಯಲು ದುಡ್ಡೇನೂ ಬೇಡ. ಕ್ಯೂಜಿಐಎಸ್ ಉಚಿತ. ನಿಮ್ಮ ಊರಿನ ನಕ್ಷೆಯನ್ನು ನೀವೇ ಮಾಡಿ ನೋಡಿ: ಮನೆ, ಹಳ್ಳ, ಗುಡಿ, ಲೈನು. 500 ಮೀಟರ್ ಗೆರೆ ಎಳೆಯಿರಿ. ನಿಮ್ಮದೇ ಹೊಲದ ಹಳೆಯ ಉತಾರಗಳನ್ನು ತಾಲ್ಲೂಕು ಕಚೇರಿಯಿಂದ ತೆಗೆಸಿ ಓದಿ. ಆ ನಕ್ಷೆ, ಆ ಓದು ಎರಡನ್ನೂ ಇಂಟರ್‌ವ್ಯೂಗೆ ಒಯ್ಯಿರಿ. ಹೊಸಬರನ್ನು ಆರಿಸುವಾಗ ನಮ್ಮ ತಂಡ ಡಿಗ್ರಿಯ ಕಾಗದಕ್ಕಿಂತ ಹೆಚ್ಚು ಹೊತ್ತು ನೋಡುವುದು ಅದನ್ನೇ. ಕಂಪನಿಯ ಕೆಲಸ ಬೇಡವೆಂದರೂ ಚಿಂತೆಯಿಲ್ಲ, ನಾಳೆ ನಿಮ್ಮೂರಿಗೆ ಕಂಬ ಬಂದಾಗ ಕಾಗದ ಓದಿ ಹೇಳುವವರು ಮನೆಯಲ್ಲೇ ಇದ್ದಂತಾಗುತ್ತದೆ.

ಸದ್ಯ ನಾವಿರುವುದು ಕೊಪ್ಪಳದ ಗಡಿಯ ಒಂದು ಹೊಸ ಜಾಗದಲ್ಲಿ. ಮಾಸ್ಟ್ ಒಂದು ಮುಂಗಾರು ಕಂಡಿದೆ, ನಕ್ಷೆ ಏಳನೆಯ ಸಲ ಬದಲಾಗಿದೆ. ಕುರಿ ತಂಗುವ ಬೀಳಿನಿಂದ ಒಂದು ಚುಕ್ಕಿಯನ್ನು ಸರಿಸಬೇಕೆಂದು ನಾನು ಬರೆದ ಟಿಪ್ಪಣಿಗೆ ಇನ್ನೂ ಉತ್ತರ ಬಂದಿಲ್ಲ. ಸೋಮವಾರ ತಾಲ್ಲೂಕು ಕಚೇರಿಗೆ ಹೋಗಬೇಕು, ಹನ್ನೊಂದು ಉತಾರ ಬಾಕಿ ಇವೆ. ನೋಡಿದ ನಾಲ್ಕರಲ್ಲಿ ಮೂರರಲ್ಲಿ ಹೆಣ್ಣುಮಕ್ಕಳ ಹೆಸರಿಲ್ಲ.